ಚಿಕ್ಕ ನಾಡುಗಳೂ ಟೆಸ್ಟ್ ಕ್ರಿಕೆಟ್ಟೂ



1934ನೆಯ ಇಸವಿ ನವೆಂಬರು 4ರಂದು ಮದರಾಸಿನ ಚೇಪಾಕು ಮೈದಾನದಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಆಡಿದವರು ಮದರಾಸಿನವರು ಮತ್ತು ನಮ್ಮ ಮೈಸೂರಿನವರು. ಮದರಾಸಿನ ಗೋಪಾಲನ್ನರು ಎಸೆದ ಮೊದಲ ಚೆಂಡನ್ನು ಎದುರಿಸಿದವರು ಮೈಸೂರಿನ ಕರ್ಟಿಸ್. ಹೀಗೆ ಪ್ರಾರಂಭದ ಗೌರವವೇನೋ ನಮ್ಮದಾಯಿತು. ಅದನ್ನು ಅನುಭವಿಸುವುದಕ್ಕೆ ಮಾತ್ರ ಹೆಚ್ಚು ಹೊತ್ತು ದೊರೆಯಲಿಲ್ಲ. ಮೈಸೂರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59 ರನ್ನುಗಳಿಗೆ ಮುಗಿಯಿತು. ಎ. ಜಿ. ರಾಮ್ ಸಿಂಗರೊಬ್ಬರೇ 11 ವಿಕೆಟ್ಟುಗಳನ್ನು ಕಿತ್ತರು. ಮದರಾಸು ಗಳಿಸಿದ್ದು 130 ಮಾತ್ರ. ಒಂದು ಇನ್ನಿಂಗ್ಸು ಮತ್ತು 23 ರನ್ನುಗಳ ಗೆಲವಿಗೆ ಅಷ್ಟೇ ಸಾಕಾಯಿತು. ಹೊತ್ತು ಮುಳುಗುವುದರೊಳಗೆ ಎಲ್ಲವೂ ಮುಗಿದುಹೋಗಿತ್ತು.

ಎಂಬತ್ತನಾಲ್ಕು ವರ್ಷಗಳ ತರುವಾಯ, 2018ರ ಜೂನ್ 14ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಫ್ಘಾನಿಸ್ತಾನವು ತನ್ನ ಮೊದಲನೆಯ ಟೆಸ್ಟ್ ಪಂದ್ಯಕ್ಕೆ ಇಳಿಯಿತು. ಭಾರತದ 474ಕ್ಕೆ ಉತ್ತರವಾಗಿ ಆ ತಂಡಕ್ಕೆ ಕೂಡಿಸಲು ಸಾಧ್ಯವಾದದ್ದು 109 ಮತ್ತು 103. ಐದು ದಿನಗಳ ಪಂದ್ಯ ಎರಡನೆಯ ದಿನವೇ ಮುಗಿಯಿತು. ಇಂಥ ನಾಡುಗಳಿಗೆ ಟೆಸ್ಟ್ ಪದವಿಯನ್ನು ಏಕೆ ಕೊಡಬೇಕಾಗಿತ್ತು ಎಂಬ ಮಾತು ಇಂಥ ಸೋಲುಗಳ ಬೆನ್ನಲ್ಲೇ ಹುಟ್ಟುತ್ತದೆ. ಚೇಪಾಕಿನ ಆ ಒಂದು ದಿನವನ್ನು ನೆನೆದರೆ, ಆ ಮಾತನ್ನು ಆಡುವ ಹಕ್ಕು ಕನ್ನಡಿಗರಾದ ನಮಗಂತೂ ಇಲ್ಲ. ಸೋತು ಹಿಂದಿರುಗಿದ ಆ ಮೈಸೂರು ಮುಂದೆ ಹೇಗೆ ಬೆಳೆಯಿತೆಂಬುದನ್ನು ನೋಡಿದರೆ, ಚಿಕ್ಕ ನಾಡುಗಳಿಗೆ ಏನು ಬೇಕು, ಏನು ದೊರೆಯುತ್ತಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲಲ್ಲಿ ರಣಜಿ ಪಂದ್ಯಗಳ ಕ್ರಮ ಹೀಗಿತ್ತು: ಸೋತವರು ಆ ವರ್ಷದ ಮಟ್ಟಿಗೆ ಮನೆಗೆ ಹೋಗತಕ್ಕದ್ದು. ಬಲಿಷ್ಠರಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ದುರ್ಬಲರ ಪಾಲಿಗೆ ಇದರ ಅರ್ಥ ಬೇರೆ. ಮೊದಲ ಪಂದ್ಯದಲ್ಲಿ ಸೋತ ತಂಡಕ್ಕೆ ಆ ವರ್ಷ ಕಲಿಯಲು ಇನ್ನೊಂದು ಪಂದ್ಯವಿಲ್ಲ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ. ಇದರ ನಡುವೆಯೂ 1941-42ರಲ್ಲಿ ಮೈಸೂರು ಅಂತಿಮ ಪಂದ್ಯವನ್ನು ಮುಟ್ಟಿತು. ಅಲ್ಲಿ ಮುಂಬಯಿ ನಮ್ಮನ್ನು ಒಂದು ಇನ್ನಿಂಗ್ಸು ಮತ್ತು 281 ರನ್ನುಗಳಿಂದ ಸೋಲಿಸಿತು. ಒಂದು ವರ್ಷ ಮಿಂಚುವುದು ಬೇರೆ, ವರ್ಷವರ್ಷವೂ ನಿಲ್ಲುವುದು ಬೇರೆ. ಮತ್ತೊಮ್ಮೆ ಅಂತಿಮ ಪಂದ್ಯಕ್ಕೆ ಬರಲು ಮೈಸೂರಿಗೆ ಹದಿನೆಂಟು ವರ್ಷ ಹಿಡಿಯಿತು.

1957-58ರಲ್ಲಿ ಕ್ರಮ ಬದಲಾಯಿತು. ಒಂದೊಂದು ವಲಯದ ತಂಡಗಳೂ ತಮ್ಮತಮ್ಮಲ್ಲಿ ಎಲ್ಲರೊಡನೆಯೂ ಆಡಬೇಕೆಂದು ಗೊತ್ತುಮಾಡಿದರು. ಅಂದಿನಿಂದ ಮೈಸೂರು ಸೋತರೂ ಗೆದ್ದರೂ ಪ್ರತಿವರ್ಷ ಮದರಾಸನ್ನೂ ಹೈದರಾಬಾದನ್ನೂ ಎದುರಿಸಲೇಬೇಕಾಯಿತು. ಅವರೂ ನಮ್ಮನ್ನು ಎದುರಿಸಲೇಬೇಕಾಯಿತು. ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ಅನಂತರದ ಸಂಗತಿಗಳನ್ನು ಗಮನಿಸಿ. 1959-60ರಲ್ಲಿ ಮತ್ತೆ ಅಂತಿಮ ಪಂದ್ಯ. ಮತ್ತೆ ಮುಂಬಯಿಯ ಕೈಯಲ್ಲಿ ಸೋಲು, ಈ ಸಲ ಒಂದು ಇನ್ನಿಂಗ್ಸು ಮತ್ತು 22 ರನ್ನು. 1962ರಲ್ಲಿ ಪ್ರಸನ್ನ, 1964ರಲ್ಲಿ ಚಂದ್ರಶೇಖರ್, 1969ರಲ್ಲಿ ವಿಶ್ವನಾಥ್ ಟೆಸ್ಟ್ ಆಟಕ್ಕೆ ಕಾಲಿಟ್ಟರು. 1971ರಲ್ಲಿ ಓವಲ್ ಮೈದಾನದಲ್ಲಿ ಚಂದ್ರಶೇಖರರು 38 ರನ್ನುಗಳಿಗೆ 6 ವಿಕೆಟ್ಟು ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಗೆಲವಿಗೆ ಕಾರಣರಾದರು.

ಮುಂಬಯಿಯಾದರೋ 1958-59ರಿಂದ 1972-73ರವರೆಗೆ ಹದಿನೈದು ವರ್ಷ ಒಂದೇ ಸಮನೆ ಟ್ರೋಫಿಯನ್ನು ಬಿಟ್ಟುಕೊಟ್ಟಿರಲಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಆ ಸರಪಳಿ ಕಡಿಯಿತು. ಆ ವೇಳೆಗೆ ನಾಡಿನ ಹೆಸರು ಕರ್ನಾಟಕವಾಗಿತ್ತು. ಪ್ರಸನ್ನರ ನಾಯಕತ್ವದಲ್ಲಿ ತಂಡ ಜಯಪುರಕ್ಕೆ ಹೋಗಿ, ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿ, ಟ್ರೋಫಿಯನ್ನು ಮನೆಗೆ ತಂದಿತು. ಚೇಪಾಕಿನಿಂದ ಜಯಪುರದವರೆಗಿನ ಈ ದಾರಿ ಮೂವತ್ತೊಂಬತ್ತು ವರ್ಷಗಳದು. ಅಷ್ಟು ಕಾಲ ನಮ್ಮನ್ನು ಯಾರೂ ಪಂಕ್ತಿಯಿಂದ ಎಬ್ಬಿಸಲಿಲ್ಲವೆಂಬುದೇ ನಮ್ಮ ಭಾಗ್ಯ.

ಈ ಭಾಗ್ಯ ಚಿಕ್ಕ ರಾಷ್ಟ್ರಗಳಿಗೆ ಇಲ್ಲ. ಆಫ್ಘಾನಿಸ್ತಾನದ ಜೊತೆಯಲ್ಲೇ, 2017ರಲ್ಲಿ, ಐರ್ಲೆಂಡಿಗೂ ಟೆಸ್ಟ್ ಪದವಿ ದೊರೆಯಿತು. ಅದು ತನ್ನ ಮೊದಲ ಟೆಸ್ಟನ್ನು 2018ರ ಮೇ ತಿಂಗಳಲ್ಲಿ ಆಡಿತು. 2019ರ ಜುಲೈಯಲ್ಲಿ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡನ್ನು 85ಕ್ಕೆ ಉರುಳಿಸಿ, ಕಡೆಗೆ ತಾನೇ 38ಕ್ಕೆ ಉರುಳಿತು. ಒಂದು ಸರದಿಯ ಸಾಮರ್ಥ್ಯವಿತ್ತು. ಎರಡನೆಯದಕ್ಕೆ ಬೇಕಾದ ಅನುಭವವಿರಲಿಲ್ಲ. ಆ ಅನುಭವವನ್ನು ಪಡೆಯಲು ಮುಂದಿನ ಟೆಸ್ಟ್ ದೊರೆತದ್ದು 2023ರ ಏಪ್ರಿಲಿನಲ್ಲಿ! ತನ್ನ ಎಂಟನೆಯ ಟೆಸ್ಟಿನಲ್ಲಿ, 2024ರಲ್ಲಿ, ಆಫ್ಘಾನಿಸ್ತಾನದ ಮೇಲೆ ಅದು ಮೊದಲ ಜಯವನ್ನು ಪಡೆಯಿತು. ಆ ಎಂಟು ಪಂದ್ಯಗಳು ನಡೆದ ಅವಧಿಯಲ್ಲಿ ಇಂಗ್ಲೆಂಡು ಆಡಿದ ಟೆಸ್ಟುಗಳು ಎಪ್ಪತ್ತಕ್ಕಿಂತ ಹೆಚ್ಚು. 2019ರಲ್ಲಿ ಟೆಸ್ಟ್ ವಿಶ್ವಪದವಿಯ ಪಂದ್ಯಾವಳಿ ಪ್ರಾರಂಭವಾದಾಗ ಒಂಬತ್ತು ರಾಷ್ಟ್ರಗಳಿಗೆ ಮಾತ್ರ ಎಲೆ ಹಾಕಿದರು. ಜಿಂಬಾಬ್ವೆ, ಐರ್ಲೆಂಡು, ಆಫ್ಘಾನಿಸ್ತಾನ ಮೂವರೂ ಹೊರಗೆ ನಿಂತರು. ಅವರೊಡನೆ ಆಡಲೇಬೇಕೆಂಬ ನಿಯಮ ದೊಡ್ಡವರಿಗಿಲ್ಲ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಎಂಬ ನಮ್ಮ ಹಳೆಯ ರೋಗವೇ ಇಲ್ಲಿ ಇನ್ನೊಂದು ಹೆಸರಿನಿಂದ ಬಂದಿದೆ.

ಏಕಪಕ್ಷೀಯವಾದ ಆಟವನ್ನು ಯಾರು ನೋಡುತ್ತಾರೆ, ಅದಕ್ಕೆ ತಗಲುವ ವೆಚ್ಚವನ್ನು ಯಾರು ಕೊಡುತ್ತಾರೆ ಎಂದು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆಫ್ಘಾನಿಸ್ತಾನಕ್ಕೆ ಸ್ವದೇಶದಲ್ಲಿ ಟೆಸ್ಟ್ ನಡೆಸುವ ಅವಕಾಶವೇ ಒದಗಿಲ್ಲ. ತನ್ನ ಮೊದಲ ಜಯವನ್ನು 2019ರಲ್ಲಿ ಅದು ಪಡೆದದ್ದು ನಮ್ಮ ಡೆಹರಾಡೂನಿನಲ್ಲಿ. ಐರ್ಲೆಂಡು ಮಾಲಹೈಡಿನಲ್ಲಿ ತನ್ನ ಮೊದಲ ಟೆಸ್ಟಿಗಾಗಿ ತಾತ್ಕಾಲಿಕ ಆಸನಗಳನ್ನು ಕಟ್ಟಬೇಕಾಯಿತು. ಆದರೆ ಇದೇ ಪ್ರಶ್ನೆಯನ್ನು ಹಿಂದೆ ಇತರರಿಗೂ ಹಾಕಿದ್ದರೆ ಏನಾಗುತ್ತಿತ್ತು? ನ್ಯೂಜಿಲೆಂಡು 1930ರಲ್ಲಿ ಆರಂಭಿಸಿ 1956ರವರೆಗೆ ಒಂದು ಟೆಸ್ಟನ್ನೂ ಗೆಲ್ಲಲಿಲ್ಲ. ನಡುವೆ 1955ರಲ್ಲಿ 26 ರನ್ನುಗಳಿಗೆ ಉರುಳಿದ್ದೂ ಉಂಟು. ಭಾರತ 1932ರಲ್ಲಿ ಮೊದಲ್ಗೊಂಡು, ತನ್ನ 25ನೆಯ ಪಂದ್ಯದಲ್ಲಿ, 1952ರಲ್ಲಿ, ಗೆಲವನ್ನು ಕಂಡಿತು. ಬಾಂಗ್ಲಾದೇಶಕ್ಕೆ 35ನೆಯ ಟೆಸ್ಟಿನವರೆಗೆ ಕಾಯಬೇಕಾಯಿತು. ಇವರನ್ನೆಲ್ಲ ಹತ್ತು ವರ್ಷಕ್ಕೇ ಅಳೆದು ಹೊರಗೆ ಕಳುಹಿಸಿದ್ದರೆ ಟೆಸ್ಟ್ ಕ್ರಿಕೆಟ್ಟು ಇಂಗ್ಲೆಂಡು ಮತ್ತು ಆಸ್ಟ್ರೇಲಿಯಗಳ ಮನೆಯಾಟವಾಗಿಯೇ ಉಳಿಯುತ್ತಿತ್ತು.

ಇನ್ನೊಂದು ಮಾತು. ದೊಡ್ಡ ರಾಷ್ಟ್ರದ ಒಳಗೂ ಚಿಕ್ಕ ನಾಡುಗಳಿರುತ್ತವೆ. ಬಂಟವಾಳ ತಾಲೂಕಿನ ಮೆಲ್ಕಾರನ್ನು ತೆಗೆದುಕೊಳ್ಳಿ. ಅಲ್ಲಿನ ಹುಡುಗರಿಗೆ ಆಟದ ಹಂಬಲವೇನೂ ಕಡಿಮೆಯಿಲ್ಲ. ಗುಡ್ಡಗಳ ನಾಡಾದ್ದರಿಂದ ಸಮನೆಲ ವಿರಳ. ಕೊಯ್ಲಾದ ಗದ್ದೆಯೇ ಮೈದಾನ. ಮಳೆಗಾಲದ ನಾಲ್ಕು ತಿಂಗಳು ಅದೂ ಇಲ್ಲ. 1956ರವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದಿತು. ಆದುದರಿಂದ ಚೇಪಾಕಿನ ಪಂದ್ಯದ ದಿನ ಮೆಲ್ಕಾರಿನವರು ರಾಜ್ಯದ ಲೆಕ್ಕದಲ್ಲಿ ಗೆದ್ದವರು, ಭಾಷೆಯ ಲೆಕ್ಕದಲ್ಲಿ ಸೋತವರು! ಅದೇ ಜಿಲ್ಲೆಯ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿ ಕುಂದರನ್ ಬೆಳಕಿಗೆ ಬಂದದ್ದು ಮುಂಬಯಿಯಲ್ಲಿ. 1960ರಲ್ಲಿ ಟೆಸ್ಟ್ ಆಡಿ, 1964ರಲ್ಲಿ ಮದರಾಸಿನಲ್ಲಿ 192 ರನ್ನು ಹೊಡೆದ ಆ ವೀರರು, ಕಡೆಗೆ ಸ್ಕಾಟ್ಲೆಂಡಿನಲ್ಲಿ ನೆಲಸಿ ಆ ಚಿಕ್ಕ ನಾಡಿನ ಪರವಾಗಿಯೂ ಆಡಿದರು. ಸುರತ್ಕಲಿನಲ್ಲಿ ಬೆಳೆದ ಕೆ. ಎಲ್. ರಾಹುಲರೂ ಬೆಂಗಳೂರಿಗೆ ಹೋಗಿಯೇ ಮೇಲೇರಿದರು. ಕರಾವಳಿಯಲ್ಲಿ ಪ್ರತಿಭೆಗೆ ಬರವಿಲ್ಲ. ಮೇಲಕ್ಕೆ ಹತ್ತುವ ಏಣಿ ಮಾತ್ರ ದೂರದಲ್ಲಿದೆ.

ಏಣಿ ದೂರವಾದರೂ ಮೆಲ್ಕಾರಿನ ಹುಡುಗ ಬಸ್ಸು ಹತ್ತಿ ಅದರ ಬುಡವನ್ನು ಮುಟ್ಟಬಲ್ಲನು. ಡಬ್ಲಿನ್ನಿನ, ಕಾಬೂಲಿನ ಹುಡುಗನಿಗೆ ದೊಡ್ಡವರು ಕರೆಯದೆ ದಾರಿಯಿಲ್ಲ. ಮುಂಬಯಿಯು ಮೈಸೂರಿನೊಡನೆ ಆಡಿದ್ದರಿಂದ ಮುಂಬಯಿಯ ಹಿರಿಮೆಗೆ ಕುಂದು ಬರಲಿಲ್ಲ. ಭಾರತಕ್ಕೆ ಚಂದ್ರಶೇಖರರೂ ವಿಶ್ವನಾಥರೂ ದೊರೆತರು. ಕ್ರಿಕೆಟ್ಟಿನ ಸಂಪತ್ತೂ ಅಧಿಕಾರವೂ ಇಂದು ಬಹುಮಟ್ಟಿಗೆ ಭಾರತದ ಕೈಯಲ್ಲಿವೆ. ಆ ಕಾರಣದಿಂದ, ವರ್ಷಕ್ಕೊಂದಾದರೂ ಟೆಸ್ಟನ್ನು ಇಂಥ ನಾಡಿನೊಡನೆ ಆಡುವುದು ಭಾರತಕ್ಕೆ ದಾನವಲ್ಲ, ತಾನು ಇಪ್ಪತ್ತು ವರ್ಷ ಸೋಲುತ್ತ ಪಡೆದ ಸಾಲದ ಮರುಪಾವತಿ.