ಎರೆನಾಡಿನ ಕುಂಡದಲ್ಲಿ ಹಾವೋರ್ಥಿಯಾ

ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣು, ನೀರು ಎರಡೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅದರದೇ ಬಳಗದ ಕುಳ್ಳ ಗಿಡ ಹಾವೋರ್ಥಿಯಾ. ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರ. ದಪ್ಪ ಎಲೆಗಳು ನೆಲಕ್ಕೊತ್ತಿಕೊಂಡು ಸುತ್ತುಸುತ್ತಾಗಿ ಕೂತಿರುತ್ತವೆ. ನರ್ಸರಿಗಳಲ್ಲಿ ‘ಜೀಬ್ರಾ ಗಿಡ’ ಎಂದು ಮಾರುವ ಬಿಳಿ ಪಟ್ಟಿಯ ಗಿಡ ಈ ಗುಂಪಿನದೇ. ಎರೆನಾಡಿನ ಚಿಮ್ಮಡ, ಬನಹಟ್ಟಿ, ಮುಧೋಳದ ಕಡೆ ಇದನ್ನು ಸಾಕಹೊರಟವರು ಮೊದಲು ಹೆದರುವುದು ಬೇಸಿಗೆಗೆ. ನಿಜಕ್ಕೂ ಹೆದರಬೇಕಾದದ್ದು ಎರೆಮಣ್ಣಿಗೆ, ಅದರ ಮೇಲೆ ಅಕ್ಕರೆಯಿಂದ ಸುರಿಯುವ ನೀರಿಗೆ. ಇದು ಯಾಕೆಂದು ತಿಳಿಯಲು ಇನ್ನೂರು ವರ್ಷಗಳೇ ಹಿಡಿದವು.

ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯಿಂದ ಹಡಗೇರಿ ಯುರೋಪಿನ ಗಾಜಿನ ಮನೆ ಸೇರಿದ ಈ ಗಿಡಗಳನ್ನು ಲಿನೇಯಸ್ 1753ರಲ್ಲಿ ಲೋಳೆಸರದ ಕುಲದಲ್ಲೇ ಇಟ್ಟಿದ್ದ. 1809ರಲ್ಲಿ ಫ್ರಾನ್ಸಿನ ಡುವಾಲ್ ಅವನ್ನು ಬೇರ್ಪಡಿಸಿ, ಇಂಗ್ಲೆಂಡಿನ ಸಸ್ಯಪಂಡಿತ ಏಡ್ರಿಯನ್ ಹಾವರ್ತ್‌ನ ಹೆಸರಿಟ್ಟ. ಆಮೇಲಿನ ಒಂದೂವರೆ ಶತಮಾನ ಬಹುಪಾಲು ಹೆಸರಿಡುವುದರಲ್ಲೇ ಕಳೆಯಿತು. ಬಳಿಕ ಬ್ರೂಸ್ ಬೇಯರ್ ಅವರಂಥ ಸಸ್ಯತಜ್ಞರು ಗಿಡದ ತವರಿನಲ್ಲೇ ವರ್ಷಗಟ್ಟಲೆ ಅಲೆದು, ಒಂದೇ ಪ್ರಭೇದ ಗುಡ್ಡದಿಂದ ಗುಡ್ಡಕ್ಕೆ ಹೇಗೆ ರೂಪ ಬದಲಿಸುತ್ತದೆಂದು ನೋಡಿದರು. ಬೇಯರ್ ಬರೆದ ಕೈಪಿಡಿ 1976ರಲ್ಲಿ ಬಂತು. 2013ರಲ್ಲಿ ಸಸ್ಯತಜ್ಞ ಗೋರ್ಡನ್ ರೌಲಿ ಕುಲವನ್ನೇ ಒಡೆದು, ಜೀಬ್ರಾ ಗಿಡವನ್ನು ಹಾವೋರ್ಥಿಯಾಪ್ಸಿಸ್‌ಗೆ ಸೇರಿಸಿದರು. ಕುಂಡದಲ್ಲಿ ಬೆಳೆಯುವವರಿಗೆ ಈ ಹೆಸರಿನ ಬದಲಾವಣೆಗಿಂತ ತವರಿನ ಸುದ್ದಿಯೇ ದೊಡ್ಡದು: ಹಾವೋರ್ಥಿಯಾ ಉರಿಬಿಸಿಲಿನ ಬಯಲಿನದಲ್ಲ, ಪೊದೆಗಳ ಬುಡದ್ದು, ಬಂಡೆ ಸಂದಿಯದ್ದು. ‘ಮರುಭೂಮಿ ಗಿಡ, ಬಿಸಿಲಲ್ಲಿಡಿ’ ಎಂಬ ಸಲಹೆಯನ್ನು ಇನ್ನಾದರೂ ಬಿಡಬೇಕು.

ಹಾವೋರ್ಥಿಯಾ ಕೂಪೆರಿ ಎಂಬ ಪ್ರಭೇದದ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಹಸಿರೇ ತೆಳುವಾಗಿ, ಒಳಗಿನ ತಿರುಳು ನೀರಿನಷ್ಟು ತಿಳಿಯಾಗಿ ಕಾಣುತ್ತದೆ. ಬರಗಾಲದಲ್ಲಿ ಬೇರುಗಳು ಸಂಕುಚಿಸಿ ಗಿಡವನ್ನು ಮಣ್ಣಿನೊಳಕ್ಕೆ ಎಳೆದುಕೊಂಡಾಗ, ಹೊರಗುಳಿದ ಈ ತುದಿಯಿಂದಲೇ ಬೆಳಕು ಒಳಗಿಳಿಯುತ್ತದೆ.

ನೀರಿನ ಗುಟ್ಟು ಬಿಚ್ಚಿಕೊಂಡ ಕಥೆಯಲ್ಲಿ ಕರ್ನಾಟಕದ ನಂಟೂ ಇದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲಕಾಲ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಬೆಂಜಮಿನ್ ಹೇನ್, ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಬಾಯಾರೆ ರುಚಿ ನೋಡಿ ಬರೆದ. ಆ ಪತ್ರವನ್ನು ಲಂಡನ್ನಿನ ಲಿನಿಯನ್ ಸೊಸೈಟಿ 1815ರಲ್ಲಿ ಪ್ರಕಟಿಸಿತು. ಇಂಥ ಗಿಡಗಳು ಹಗಲು ಎಲೆರಂಧ್ರ ಮುಚ್ಚಿಕೊಂಡು, ತಂಪಾದ ರಾತ್ರಿ ಅವನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ ಎಂಬುದು ತಿಳಿದದ್ದು ಬಹಳ ನಂತರ. ಹಾವೋರ್ಥಿಯಾದ ರೀತಿಯೂ ಇದೇ.

ಚಿಮ್ಮಡದ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯೂ ಕಾವು ಇಳಿಯದಾಗ ಗಿಡದ ಈ ದುಡಿಮೆ ಕುಗ್ಗಿ, ಬೆಳವಣಿಗೆ ನಿಂತೇ ಹೋಗುತ್ತದೆ. ಎಲೆ ಸೊರಗಿತೆಂದು ಆಗ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಎರೆಮಣ್ಣಾದರೆ ಇನ್ನೂ ಕೆಡುಕು: ಹಸಿಯಾದಾಗ ಉಬ್ಬಿ ಗಾಳಿ ಕಟ್ಟುತ್ತದೆ, ಒಣಗಿದಾಗ ಬಿರಿದು ಎಳೆಬೇರು ಹರಿಯುತ್ತದೆ. ಅದಕ್ಕೇ ಕುಂಡದ ಮಿಶ್ರಣದಲ್ಲಿ ಗರಸು, ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು ಸೇರಿ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಹಳೆಯ ಎಲೆಗೊಬ್ಬರ. ತಳದಲ್ಲಿ ತೂತಿರುವ ಮಣ್ಣಿನ ಕುಂಡವೇ ಲೇಸು. ಮೂಡಣ ಕಿಟಕಿಯ ಎಳೆಬಿಸಿಲು ಸಾಕು. ಎಲೆ ಕೆಂಪಡರಿದರೆ ಬಿಸಿಲು ಹೆಚ್ಚಾಯಿತು, ಸಪೂರಾಗಿ ಮೇಲೆದ್ದರೆ ಕಡಿಮೆಯಾಯಿತು. ಅಕ್ಟೋಬರಿನಿಂದ ಫೆಬ್ರುವರಿವರೆಗೆ, ಮಣ್ಣು ಪೂರ್ತಿ ಒಣಗಿದ ಮೇಲೆ, ತಳದಿಂದ ಸೋರುವಷ್ಟು ನೀರು ಕೊಡಿ. ಬೋರ್‌ವೆಲ್‌ನ ಗಡಸು ನೀರು ಎಲೆಯ ಮೇಲೆ ಬಿಳಿ ಕಲೆ ಬಿಡುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅದನ್ನೇ ಬಳಸಿ.

ಅಂಗಾಂಶ ಕೃಷಿಯಿಂದ ಈ ಗಿಡ ಬೆಳೆಸಬಹುದೆಂದು 1970ರ ದಶಕದಲ್ಲೇ ಗೊತ್ತಾಗಿತ್ತು. ಅಪರೂಪದ ತಳಿಗಳು ಅಗ್ಗವಾಗಲು ಈ ವಿಧಾನವೂ ಕಾರಣ. ಮನೆಯಲ್ಲಿ ಬೆಳೆಸುವವರಿಗೆ ಬುಡದಲ್ಲಿ ಬರುವ ಮರಿಗಳೇ ಸಾಕು. ಮರಿ ಬಿಡಿಸುವಾಗ ಬೇರಿಗೆ ಹಿಟ್ಟು ತಿಗಣೆಯ ಬಿಳಿ ಅರಳೆ ಅಂಟಿದೆಯೇ ನೋಡಿ. ಇದ್ದರೆ ತೊಳೆದು, ಹಳೆಯ ಮಣ್ಣನ್ನು ಎಸೆದುಬಿಡಿ. ಗಾಯ ಎರಡು-ಮೂರು ದಿನ ನೆರಳಿನಲ್ಲಿ ಒಣಗಲಿ. ನೆಟ್ಟ ಮೊದಲ ವಾರ ನೀರು ಮುಟ್ಟಿಸಬೇಡಿ.