ಮೂರಂತಸ್ತಿನ ಚೀಸ್

1489ರ ಜನವರಿ ತಿಂಗಳ ಕೊನೆಯಲ್ಲಿ ಉತ್ತರ ಇಟಲಿಯ ತೊರ್ತೋನಾ ಎಂಬ ಊರಿಗೆ ಒಂದು ಮದುವೆಯ ದಿಬ್ಬಣ ಬಂದಿಳಿಯಿತು. ಮದುಮಗಳು ನೇಪಲ್ಸ್ ಅರಸನ ಮೊಮ್ಮಗಳು, 18ರ ಹರೆಯದ ಇಸಬೆಲ್ಲಾ. ವರ ಮಿಲಾನಿನ ಡ್ಯೂಕ್, 19ರ ಜಾನ್ ಗಲೆಯಾತ್ಸೊ ಸ್ಫೋರ್ಜಾ. ಹೆಣ್ಣಿನ ಕಡೆಯವರನ್ನು ಎದುರುಗೊಂಡು ಊಟ ಹಾಕಿಸುವ ಹೊಣೆ ಬಿದ್ದದ್ದು ಬೆರ್ಗೊಂತ್ಸಿಯೊ ಬೊತ್ತಾ ಎಂಬ ಶ್ರೀಮಂತನ ಮೇಲೆ. ಮಿಲಾನ್ ಸರ್ಕಾರದ ಹಣಕಾಸು ನೋಡಿಕೊಳ್ಳುತ್ತಿದ್ದವನು ಆತ. ಲೆಕ್ಕ ಗೊತ್ತಿದ್ದ ಮನುಷ್ಯ.

ಆ ರಾತ್ರಿಯ ಔತಣ ಚರಿತ್ರೆಯಲ್ಲಿ ಉಳಿದಿದೆ. ಒಂದೊಂದು ಭಕ್ಷ್ಯವನ್ನೂ ಗ್ರೀಕ್-ರೋಮನ್ ಪುರಾಣದ ಒಬ್ಬೊಬ್ಬ ಪಾತ್ರಧಾರಿ ಕುಣಿಯುತ್ತ, ಹಾಡುತ್ತ ತಂದು ಬಡಿಸಿದ. ಜೇಸನ್ ಚಿನ್ನದ ಉಣ್ಣೆ ಹೊತ್ತು ಬಂದ, ಡಯಾನಾ ಜಿಂಕೆಯೊಂದಿಗೆ ಬಂದಳು, ಆರ್ಫಿಯಸ್ ಹಕ್ಕಿಗಳನ್ನು ತಂದ. ಬ್ಯಾಲೆಯ ಮೂಲ ಹುಡುಕುವವರು ಇಂದಿಗೂ ಈ ಊಟವನ್ನು ನೆನೆಯುತ್ತಾರೆ.

ಇಷ್ಟೆಲ್ಲ ವೈಭವದ ನಡುವೆ ಬಡಿಸಿದ್ದು ಒಂದೇ ಒಂದು ಬಗೆಯ ಚೀಸ್ ಎಂಬುದು ಆ ಸೀಮೆಯ ಪ್ರತೀತಿ. ಅದು ಪಕ್ಕದ ಬೊರ್ಬೇರಾ ಕಣಿವೆಯ ಮೊಂತೆಬೋರೆ. ದೂರದ ಊರಿನಿಂದ ತರಿಸಿದ್ದಲ್ಲ, ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟು ಹಣ್ಣಾಗಿಸಿದ್ದೂ ಅಲ್ಲ. ಸುಮಾರು ಮುಕ್ಕಾಲು ಪಾಲು ಹಸುವಿನ ಹಾಲು, ಕಾಲು ಪಾಲು ಕುರಿ ಹಾಲು ಬೆರೆಸಿ ಹೆಪ್ಪುಗಟ್ಟಿಸಿ, ನೀರು ಬಸಿದು ಮಾಡುವ ಗುಡ್ಡಗಾಡಿನ ಚೀಸ್. ತಾಜಾ ಇರುವಾಗಲೂ ತಿನ್ನಬಹುದು, ಕೆಲವು ವಾರ ಬಿಟ್ಟೂ ತಿನ್ನಬಹುದು.

ಅದರ ಚೆಲುವು ಇರುವುದು ಆಕಾರದಲ್ಲಿ. ದೊಡ್ಡ ಬಿಲ್ಲೆಯ ಮೇಲೆ ಅದಕ್ಕಿಂತ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು, ಹೀಗೆ ಮೂರನ್ನು ಪೇರಿಸುತ್ತಾರೆ. ಹಣ್ಣಾಗುತ್ತಾ ಮೂರೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಊರಿನ ಕೋಟೆಯ ಪಾಳುಬಿದ್ದ ಬುರುಜನ್ನು ನೋಡಿ ಈ ಆಕಾರ ಕೊಟ್ಟರು ಎನ್ನುತ್ತಾರೆ ಅಲ್ಲಿನವರು. ಈಗಿನ ಕಣ್ಣಿಗೆ ಅದು ನೇರವಾಗಿ ಮದುವೆಯ ಕೇಕಿನಂತೆಯೇ ಕಾಣುತ್ತದೆ.

ಅಂತಸ್ತು ಎಂಬ ಮಾತಿಗೆ ಆ ಕಾಲದಲ್ಲಿ ಚೀಸಿನ ಮಟ್ಟಿಗೆ ಬೇರೆಯೇ ಅರ್ಥವಿತ್ತು. ವೈದ್ಯರ ಪ್ರಕಾರ ಚೀಸ್ ಜೀರ್ಣಕ್ಕೆ ಭಾರ. ಮೈಮುರಿದು ದುಡಿಯುವ ರೈತನಿಗೆ ಸರಿ, ದೊರೆಗಲ್ಲ. ಆದರೆ ನಾಲಿಗೆ ಕೇಳಬೇಕಲ್ಲ! 1477ರಲ್ಲಿ ತೂರಿನ್‌ನಲ್ಲಿ ಅಚ್ಚಾದ, ಹಾಲು ಮತ್ತು ಚೀಸನ್ನೇ ಕುರಿತ ಲ್ಯಾಟಿನ್ ಗ್ರಂಥದಲ್ಲಿ ಪಂತಲೆಯೋನೆ ಎಂಬ ವೈದ್ಯ ಊರೂರಿನ ಚೀಸುಗಳ ಗುಣ ವಿವರಿಸಿದ್ದಾನೆ. ಅರಸರೂ ಸರದಾರರೂ ಚೀಸ್ ತಿನ್ನುವುದನ್ನು ತಾನು ಬಲ್ಲೆ ಎಂದೂ ಹೇಳಿದ್ದಾನೆ. ಪೇರು ಹಣ್ಣಿನ ಜೊತೆ ಚೀಸ್ ಎಷ್ಟು ರುಚಿ ಎಂಬುದು ರೈತನಿಗೆ ತಿಳಿಯದಿರಲಿ ಎಂಬ ಗಾದೆ ಇಟಲಿಯಲ್ಲಿದೆ. ಚೀಸ್ ರೈತನದೇ. ಬೇಗ ಕೆಡುವ ನಾಜೂಕಿನ ಪೇರು ಹಣ್ಣು ಉಳ್ಳವರ ತೋಟದ್ದು. ಆ ಹಣ್ಣು ಪಕ್ಕಕ್ಕೆ ಬಂದರೆ ಹಳ್ಳಿಯ ಚೀಸೂ ಅರಮನೆಯ ತಟ್ಟೆಗೆ ಸಲ್ಲುತ್ತಿತ್ತು.

ಬೊತ್ತಾನ ಆಯ್ಕೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಪಾರ್ಮಾ, ಪಿಯಾಚೆಂತ್ಸಾಗಳ ದೊಡ್ಡ ಗಟ್ಟಿ ಚೀಸುಗಳು ಆಗಲೇ ಹೆಸರಾಗಿದ್ದವು. ಅವನ್ನು ತರಿಸಲು ಅವನಿಗೇನೂ ಕಷ್ಟವಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಪ್ರತೀತಿ ನಿಜವಾದರೆ ಆತ ಹಿತ್ತಲ ಗಿಡವನ್ನೇ ಆರಿಸಿದ. ಹಾಡು, ಕುಣಿತ, ವೇಷಗಳಿಗೆ ಹಣ ಸುರಿದವನು ಚೀಸಿನಲ್ಲಿ ತನ್ನ ಸೀಮೆಯ ಗುರುತನ್ನಷ್ಟೇ ತೋರಿಸಿದ.

ಈ ಔತಣದ ಸೂತ್ರಧಾರ ಲಿಯೊನಾರ್ಡೊ ಡ ವಿಂಚಿ ಎಂದೂ ಹೇಳುವುದುಂಟು. ಖಚಿತವಾಗಿ ಗೊತ್ತಿರುವುದು ಬೇರೊಂದು ಸಂಭ್ರಮ: 1490ರ ಜನವರಿ 13ರಂದು ಇದೇ ಇಸಬೆಲ್ಲಾಳ ಗೌರವಕ್ಕೆ ಮಿಲಾನ್ ಕೋಟೆಯಲ್ಲಿ ನಡೆದ ‘ಸ್ವರ್ಗದ ಉತ್ಸವ’. ಅದರ ರಂಗಸಜ್ಜು ಲಿಯೊನಾರ್ಡೊನದು. ದೊಡ್ಡ ಹೆಸರು ಪಕ್ಕದ ಕತೆಗೂ ಹಬ್ಬುವುದು ಹೊಸದೇನಲ್ಲ.

ಇಷ್ಟು ಸಂಭ್ರಮದ ಮದುವೆ ಸುಖ ತರಲಿಲ್ಲ. ಅಧಿಕಾರವೆಲ್ಲ ವರನ ಚಿಕ್ಕಪ್ಪ ಲುದೊವಿಕೊನ ಕೈಯಲ್ಲಿತ್ತು. 1494ರಲ್ಲಿ ಜಾನ್ ಗಲೆಯಾತ್ಸೊ 25ರ ವಯಸ್ಸಿನಲ್ಲೇ ತೀರಿಕೊಂಡ. ಚಿಕ್ಕಪ್ಪನೇ ಡ್ಯೂಕ್ ಆದ. ವಿಧವೆ ಇಸಬೆಲ್ಲಾ ಕೊನೆಗೆ ದಕ್ಷಿಣದ ಬಾರಿಯಲ್ಲಿ ನೆಲೆಸಿದಳು. ಅವಳ ಮಗಳು ಬೋನಾ 1518ರಲ್ಲಿ ಪೋಲೆಂಡಿನ ರಾಣಿಯಾದಳು.

ಮೊಂತೆಬೋರೆ ಮಾತ್ರ ಅರಮನೆಗಳ ಏಳುಬೀಳು ತಾಗದೆ ಗುಡ್ಡದ ಮನೆಗಳಲ್ಲಿ ಉಳಿಯಿತು. ಅದನ್ನು ಅಳಿವಿನ ಅಂಚಿಗೆ ತಂದದ್ದು 20ನೇ ಶತಮಾನ. ಜನ ಬೆಟ್ಟ ಇಳಿದು ಕೆಲಸಕ್ಕೆ ಪಟ್ಟಣ ಸೇರಿದರು, ಕೊಟ್ಟಿಗೆಗಳು ಬರಿದಾದವು. 1982ರಲ್ಲಿ, ಅದನ್ನು ಮಾಡುತ್ತಿದ್ದ ಕೊನೆಯ ಹೆಂಗಸೂ ಕೈಬಿಟ್ಟಳು. 1999ರಲ್ಲಿ ಸ್ಲೋ ಫುಡ್ ಚಳವಳಿಯವರು ಆಕೆಯ ಮನೆ ಹುಡುಕಿಕೊಂಡು ಹೋದರು. ಕ್ರಮ ಆಕೆಯ ಕೈಗೆ ನೆನಪಿತ್ತು. ಚೀಸ್ ಮತ್ತೆ ಹುಟ್ಟಿತು.

ಇತ್ತೀಚೆಗೆ ಯೂರೋಪಿನ ಮದುವೆ ರಿಸೆಪ್ಶನ್‌ಗಳಲ್ಲಿ ಕೇಕಿನ ಬದಲು ಚೀಸಿನ ಇಡೀ ಬಿಲ್ಲೆಗಳನ್ನು ಪೇರಿಸಿ ನಿಲ್ಲಿಸುವ ರೂಢಿ ಬೆಳೆದಿದೆ. ಹಣ್ಣು, ಹೂವು ಇಟ್ಟು ಸಿಂಗರಿಸಿ, ಆಮೇಲೆ ಕತ್ತರಿಸಿ ಎಲ್ಲರಿಗೂ ಹಂಚುತ್ತಾರೆ. ಹೊಸ ಫ್ಯಾಷನ್ ಎಂದುಕೊಂಡವರಿಗೆ ಬೊರ್ಬೇರಾ ಕಣಿವೆಯ ಜನ ತಮ್ಮ ಪಾಳು ಬುರುಜನ್ನು ತೋರಿಸಬಹುದು.