ಒಂದು ಹಗಲಿನ ದಾರಿ, ಎರಡು ಶತಮಾನಗಳ ರಾಜ್ಯ

ಮೊದಲನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ಕೋಟೆಯಾಗಿಸಿದ ಸಂಗತಿಯನ್ನು ಕ್ರಿ.ಶ. 543ರ ಬಾದಾಮಿಯ ಬಂಡೆಶಾಸನ ದಾಖಲಿಸಿದೆ. ಎಂಟನೆಯ ಶತಮಾನದ ನಡುಭಾಗದಲ್ಲಿ ಆ ರಾಜ್ಯ ರಾಷ್ಟ್ರಕೂಟರ ಕೈಸೇರಿತು. ಈ ಎರಡು ಶತಮಾನಗಳಲ್ಲಿ ಚಾಲುಕ್ಯರ ಸೇನೆ ನರ್ಮದೆಯನ್ನೂ ಕಂಡಿತು, ಕಂಚಿಯನ್ನೂ ಕಂಡಿತು. ಆದರೆ ಅವರ ಕಾಲದ ಶ್ರೇಷ್ಠ ನಿರ್ಮಾಣಗಳಲ್ಲಿ ಬಹುಪಾಲು ಮಲಪ್ರಭೆಯ ಒಂದು ಕಿರುಕಣಿವೆಯಲ್ಲೇ ಉಳಿದಿವೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಸುಮಾರು 14 ಕಿ.ಮೀ. ಬನಶಂಕರಿ, ಶಿವಯೋಗಮಂದಿರಗಳ ಕಡೆಯಿಂದ ಹೊರಟು ಮಹಾಕೂಟದ ಕಡೆಯಿಂದ ಮರಳಿದರೆ, ಒಂದು ಹಗಲಿನಲ್ಲಿ ಸೈಕಲ್ಲಿನ ಮೇಲೆ ಮುಗಿಸಬಹುದಾದ ಸುತ್ತು ಇದು.

ಈ ಸುತ್ತನ್ನು ಸೈಕಲ್ಲಿನ ವೇಗದಲ್ಲಿ ನೋಡುವುದಕ್ಕೆ ಕಾರಣವಿದೆ. ಕಾರಿನಲ್ಲಿ ಹೋದವರಿಗೆ ಇವು ಮೂರು ಪ್ರವಾಸಿ ತಾಣಗಳು; ನಡುವಿನದೆಲ್ಲ ಬರಿಯ ರಸ್ತೆ. ಸೈಕಲ್ಲಿನವನಿಗೆ ನೆಲದ ಏರಿಳಿತ ಕಾಲಿಗೇ ತಿಳಿಯುತ್ತದೆ. ಕೆಂಪು ಮರಳುಗಲ್ಲಿನ ಗುಡ್ಡಸಾಲು, ಅದರ ಬುಡದ ಮಸಾರಿ ಮಣ್ಣು, ಇಳಿಜಾರು ಮುಗಿದಲ್ಲಿ ಹೊಳೆದಂಡೆಯ ಎರೆಭೂಮಿ, ಅಲ್ಲಿ ಹಿಂಗಾರಿನ ಬಿಳಿಜೋಳ: ಈ ಕ್ರಮ ದಾರಿಯುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಗುಡ್ಡ ಕಲ್ಲು ಕೊಟ್ಟಿತು, ಎರೆಭೂಮಿ ಕಾಳು ಕೊಟ್ಟಿತು, ಹೊಳೆ ನೀರು ಕೊಟ್ಟಿತು. ಪಟ್ಟದಕಲ್ಲಿನ ಉತ್ತರಕ್ಕಿರುವ ಪ್ರಾಚೀನ ಕಲ್ಲುಗಣಿಯ ಬಂಡೆಗಳ ಮೇಲೆ ಕುಶಲಕರ್ಮಿಗಳ ಹೆಸರುಗಳು ಇಂದಿಗೂ ಕಾಣಸಿಗುತ್ತವೆ. ರಾಜಧಾನಿ ಇಲ್ಲೇ ಏಕೆ ನೆಲೆಸಿತು ಎಂಬ ಪ್ರಶ್ನೆಗೆ ಉತ್ತರ ಈ ನೆಲದಲ್ಲೇ ಇದೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ 578ರ ಶಾಸನವಿದೆ. ಅಗಸ್ತ್ಯತೀರ್ಥದ ಆಚೆ ದಂಡೆಯ ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನ ವಿಜಯದ ಶಾಸನವೂ ಇದೆ. 642ರ ಸುಮಾರಿಗೆ ಅವನು ವಾತಾಪಿಯನ್ನು ಗೆದ್ದಾಗ ಬರೆಸಿದ್ದು. ಸೋತವರ ಊರಿನಲ್ಲಿ ಗೆದ್ದವರ ಶಾಸನವನ್ನು ಚಾಲುಕ್ಯರು ಮರಳಿ ಬಂದ ಮೇಲೂ ಯಾರೂ ಸಂಪೂರ್ಣವಾಗಿ ಕೆತ್ತಿಹಾಕಲಿಲ್ಲ. ಅದೇ ಪರಿಸರದಲ್ಲಿ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ, ಕನ್ನಡದ ತ್ರಿಪದಿ ನಮಗೆ ದೊರೆಯುತ್ತದೆ. ಅರಭಟ್ಟ ರಾಜನಲ್ಲ. ರಾಜನಲ್ಲದವನೊಬ್ಬನ ಸ್ವಭಾವವನ್ನು ದೇಶಭಾಷೆಯಲ್ಲಿ ಕಲ್ಲಿಗೇರಿಸಿದ್ದು ಸಣ್ಣ ಸಂಗತಿಯಲ್ಲ.

ಬನಶಂಕರಿಯ ಹರಿದ್ರಾತೀರ್ಥದ ಸುತ್ತ ಪುಷ್ಯಮಾಸದಲ್ಲಿ ಜಾತ್ರೆ ಕೂಡುತ್ತದೆ. ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕುವ ಜಾತ್ರೆಯೆಂದೇ ಅದಕ್ಕೆ ಹೆಸರು. ಮುಂದೆ ಹೊಳೆದಂಡೆಯಲ್ಲಿರುವುದು ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರ. ಇವನ್ನು ದಾಟಿದರೆ ಪಟ್ಟದಕಲ್ಲು.

ಇಲ್ಲಿ ಮಲಪ್ರಭೆ ಉತ್ತರಾಭಿಮುಖಿ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇಂದಿನ ವಿರೂಪಾಕ್ಷ ದೇವಾಲಯ; ಪಕ್ಕದ ಮಲ್ಲಿಕಾರ್ಜುನ ದೇವಾಲಯ ರಾಣಿ ತ್ರೈಲೋಕ್ಯಮಹಾದೇವಿಯದು. ದ್ರಾವಿಡ ಶೈಲಿಯ ವಿಮಾನ, ನಾಗರ ಶೈಲಿಯ ಶಿಖರ ಎರಡೂ ಒಂದೇ ಅಂಗಳದಲ್ಲಿವೆ. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಓದಬೇಕಾದದ್ದು ಇಲ್ಲಿನ ಕನ್ನಡ ಶಾಸನಗಳನ್ನು. ದೇವಾಲಯ ಕಟ್ಟಿದ ಸೂತ್ರಧಾರಿ ಗುಂಡನ ಹೆಸರನ್ನೂ, ಅವನಿಗೆ ದೊರೆತ ತ್ರಿಭುವನಾಚಾರಿ ಎಂಬ ಬಿರುದನ್ನೂ ಅವು ಉಳಿಸಿಕೊಟ್ಟಿವೆ. ಗಾಯಕರಿಗೆ ಹಿಂದೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದ್ದೂ ಅಲ್ಲಿದೆ. ಇದರ ಇನ್ನೊಂದು ಅರ್ಧ ಕಂಚಿಯಲ್ಲಿದೆ. ಗೆದ್ದ ವಿಕ್ರಮಾದಿತ್ಯ ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟನೆಂದು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಚೆನ್ನೈಯ ಕನ್ನಡಿಗರು ಒಂದು ಭಾನುವಾರ ಹೋಗಿ ನೋಡಿ ಬರಬಹುದಾದ ಶಾಸನವದು.

ಹೊಳೆ ದಾಟಿ ಐಹೊಳೆಗೆ ಬಂದರೆ ಮೇಗುತಿ ಬೆಟ್ಟದ ಜಿನಾಲಯದಲ್ಲಿ ರವಿಕೀರ್ತಿಯ ಪ್ರಶಸ್ತಿ. ಶಕ 556, ಎಂದರೆ ಕ್ರಿ.ಶ. 634-35. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡದ್ದರಿಂದ ಆ ಇಬ್ಬರು ಕವಿಗಳು ಈ ವರ್ಷಕ್ಕಿಂತ ಹಿಂದಿನವರೆಂಬುದು ಸ್ಥಿರವಾಯಿತು. ಹೊರನಾಡಿನಲ್ಲಿ ಬದುಕುವ ನಮಗೆ ಈ ಶಾಸನ ಇನ್ನೊಂದು ರೀತಿಯಲ್ಲೂ ಹತ್ತಿರದ್ದು. ಇಮ್ಮಡಿ ಪುಲಕೇಶಿಯ ಎದುರು ಹರ್ಷ ಹರ್ಷ ಕಳೆದುಕೊಂಡದ್ದು, 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳು ವಶವಾದದ್ದು, ಪಲ್ಲವರ ಅರಸ ಕಂಚಿಯ ಕೋಟೆಯೊಳಗೆ ಅಡಗಿದ್ದು, ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣಕ್ಕೆ ಹಡಗುಗಳ ಮುತ್ತಿಗೆ ಬಿದ್ದದ್ದು ಎಲ್ಲವೂ ಅದರಲ್ಲಿದೆ. ಆ ಪುರಿ ಮುಂಬಯಿಯ ಬಳಿಯ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಊಹೆ. ಈ ನಾಡಿನ ಶಾಸನಗಳನ್ನು ಓದಿ ಪ್ರಕಟಿಸಿದವರಲ್ಲಿ ಮುಖ್ಯನಾದ ಜೆ.ಎಫ್. ಫ್ಲೀಟ್ ಮುಂಬಯಿ ಪ್ರಾಂತದ ಕಂದಾಯಾಧಿಕಾರಿ. ಕಡತಗಳ ನಡುವೆಯೇ ಹಳಗನ್ನಡ ಕಲಿತ ಆತನನ್ನು ಸರಕಾರಿ ನೌಕರಿಯಲ್ಲಿರುವ ನನ್ನಂಥವನು ಕೊಂಚ ನಾಚಿಕೆಯಿಂದಲೇ ನೆನೆಯಬೇಕು.

ರಾಜರ ಚರಿತ್ರೆ ಹೀಗೆ ಕಲ್ಲಿನಲ್ಲಿ ಭದ್ರವಾಗಿದೆ. ಐಹೊಳೆಯಲ್ಲಿ ಅಪಾಯದಲ್ಲಿರುವುದು ಬೇರೊಂದು ಚರಿತ್ರೆ. ಅಲ್ಲಿನ ನೂರಕ್ಕೂ ಮಿಕ್ಕ ಗುಡಿಗಳಲ್ಲಿ ಹಲವು ಶತಮಾನಗಳ ಕಾಲ ಮನೆಗಳಾಗಿದ್ದವು. ಗರ್ಭಗುಡಿಯ ಪಕ್ಕದಲ್ಲಿ ಒಲೆ, ಮಂಟಪದಲ್ಲಿ ದನದ ಗೊಂತು. ಇಂದು ಕಲಾಚರಿತ್ರೆಯ ಪುಸ್ತಕಗಳು ಬಳಸುವ ಹೆಸರುಗಳು ಆ ಒಕ್ಕಲಿನವೇ: ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಾಗಿದ್ದ ಮುಸಲ್ಮಾನನೊಬ್ಬನಿಂದ. ದುರ್ಗದ ಗುಡಿಯ ದುರ್ಗ ದೇವಿಯಲ್ಲ, ಅದಕ್ಕೆ ಹೊಂದಿಕೊಂಡಿದ್ದ ಕೋಟೆ. ಯಾವ ದೇವರಿಗೆ, ಯಾವ ಅರಸನ ಕಾಲದಲ್ಲಿ ಕಟ್ಟಿದರೆಂಬುದು ಮರೆತುಹೋದ ಕಡೆಗಳಲ್ಲಿ ಊರವರು ತಮ್ಮ ಹೆಸರು ಕೊಟ್ಟು ಅವನ್ನು ಉಳಿಸಿಕೊಂಡರು.

ಆ ಊರವರ ಸ್ಥಿತಿ ಈಗ ಸುಲಭವಾಗಿಲ್ಲ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ನಿಯಮ ಸರಿಯಾದೀತು. ಓಣಿಗೊಂದು ಗುಡಿಯಿರುವ ಐಹೊಳೆಯಲ್ಲಿ ಹೊಸ ಕೋಣೆ ಕಟ್ಟಲು ಜಾಗವೇ ಇಲ್ಲ. ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಮಗನಿಗೆ ಮದುವೆಯಾದರೆ ಮನೆ ಹಿಗ್ಗಿಸುವಂತಿಲ್ಲ. ಊರನ್ನೇ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ದಂಡೆಯ ಊರುಗಳಿಗೂ ನುಗ್ಗಿದ ಮೇಲೆ ಸುರಕ್ಷಿತ ನೆಲೆಯ ಪ್ರಶ್ನೆ ಇನ್ನಷ್ಟು ಗಟ್ಟಿಯಾಯಿತು.

ಸ್ಮಾರಕಗಳಿಗೆ ಗಾಳಿ, ಬೆಳಕು, ಅಂತರ ಬೇಕೆಂಬುದು ನಿಜ; ಜನರಿಗೆ ಒಳ್ಳೆಯ ಮನೆ ಬೇಕೆಂಬುದು ಅದಕ್ಕಿಂತ ದೊಡ್ಡ ನಿಜ. ಆದರೆ ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಂತ ಗುಡಿಯ ಚರಿತ್ರೆ ಏಳನೆಯ, ಎಂಟನೆಯ ಶತಮಾನಕ್ಕೇ ನಿಂತುಬಿಡುತ್ತದೆ. ನಡುವಿನ ಸಾವಿರ ವರ್ಷ ಅಲ್ಲಿ ಯಾರಿದ್ದರು ಎಂಬುದಕ್ಕೆ ಶಾಸನವಿಲ್ಲ. ಇರುವುದು ಹೆಸರು ಮಾತ್ರ. ಊರು ಎದ್ದುಹೋಗುವುದಾದರೆ, ಮೊದಲು ಮನೆಮನೆಯ, ಗುಡಿಗುಡಿಯ ಹೆಸರೂ ಅದರ ಹಿಂದಿನ ಕಥೆಯೂ ದಾಖಲಾಗಲಿ. ಹೊಸ ನೆಲೆ ಸೈಕಲ್ ತುಳಿದು ಬರುವಷ್ಟು ದೂರದಲ್ಲೇ ಇರಲಿ. ತಲೆಮಾರುಗಳ ಕಾಲ ಕಾದವರು ತಮ್ಮ ಗುಡಿಗೆ ಪ್ರವಾಸಿಗಳಾಗಬಾರದು.

ಮರಳುವ ದಾರಿಯ ಮಹಾಕೂಟದಲ್ಲಿ ಹೆಸರಿನ ಮಹತ್ವ ತಿಳಿಸುವ ಶಾಸನವೊಂದಿದೆ. ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಅರ್ಪಿಸಿದಳು. ಶಾಸನ ಅವಳ ತಂದೆಯನ್ನು ಹೇಳುವುದಿಲ್ಲ. ತಾಯಿಯನ್ನೂ ಅಜ್ಜಿಯನ್ನೂ ಹೆಸರಿಸುತ್ತದೆ. ಪೀಠ, ಛತ್ರ ಎರಡೂ ಇಂದಿಲ್ಲ. ಮೂರು ತಲೆಮಾರಿನ ಹೆಣ್ಣುಹೆಸರುಗಳು ಉಳಿದಿವೆ.

ಐಹೊಳೆಯ ಹೆಸರೂ ಹೀಗೆಯೇ ಊರನ್ನು ಮೀರಿ ಬೆಳೆಯಿತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘ ತಮಿಳುನಾಡು, ಆಂಧ್ರ, ಸಿಂಹಳಗಳವರೆಗೆ ವ್ಯಾಪಿಸಿತು. ಸುಮಾತ್ರದಲ್ಲಿ ದೊರೆತ 1088ರ ತಮಿಳು ಶಾಸನವೊಂದರಲ್ಲೂ ಐನೂರ್ವರಿದ್ದಾರೆ. ಕಾಲಕ್ರಮದಲ್ಲಿ ಆ ಸಂಘದವರು ಆಡುವ ಭಾಷೆ ಬೇರೆಯಾಯಿತು, ಅನೇಕರು ಐಹೊಳೆಯನ್ನು ಕಣ್ಣಿನಿಂದ ಕಂಡಿರಲಾರರು. ಆದರೂ ಸಂಘದ ಗುರುತಾಗಿ ಉಳಿದದ್ದು ಮಲಪ್ರಭೆಯ ದಂಡೆಯ ಆ ಸಣ್ಣ ಊರು. ರಜೆಗೆ ಊರಿಗೆ ಹೋಗುವ ನಮ್ಮಂಥವರು ಒಂದು ಹಗಲನ್ನು ಈ ಸುತ್ತಿಗೆ ತೆಗೆದಿಟ್ಟು, ಫಲಕ ಓದಿ ಮುಗಿಸುವ ಮುನ್ನ ಪಕ್ಕದ ಕಟ್ಟೆಯ ಮೇಲಿನ ಹಿರಿಯರನ್ನು, ಯಜಮಾನರೆ, ಈ ಗುಡಿಗೆ ಊರಾಗ ಏನಂತಾರ್ರಿ, ಎಂದು ಕೇಳಿ ಬರೆದುಕೊಂಡರೆ, ಚರಿತ್ರೆಗೆ ಅದೂ ಒಂದು ಸೇವೆ.